ಮನೆಯಾಗಲು ಹೊರಟ ಕಣಜಗಳು

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಬಗಲಲ್ಲೇ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ಅಲ್ಲಿನ ದೊಡ್ಡ ಕಣಜವನ್ನು ವಿಂಚೆಸ್ಟರ್ ಕಾಲೇಜಿನವರು 1426ರ ಸುಮಾರಿಗೆ ಓಕ್ ಮರದಲ್ಲಿ ಕಟ್ಟಿಸಿದರು. ಉದ್ದ 58 ಮೀಟರಿಗೂ ಜಾಸ್ತಿ. ಎರಡು ಸಾಲು ಕಂಬ, 12 ಅಂಕಣ. ನಡುವೆ ಒಂದೂ ಅಡ್ಡಗೋಡೆಯಿಲ್ಲ. ಕವಿ ಜಾನ್ ಬೆಟ್ಜಮನ್ ಇದನ್ನು ಮಿಡ್ಲ್‌ಸೆಕ್ಸ್ ಸೀಮೆಯ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು ಎಂದರು. ಕಟ್ಟಿಸಿದವರ ಗಮನವೆಲ್ಲ ಇದ್ದದ್ದು ಸಿವುಡು ಒಟ್ಟುವುದರ ಮೇಲೆ, ಕಾಳು ಬಡಿಯುವುದರ ಮೇಲೆ.

ಇಂಥ ಇಂಗ್ಲಿಷ್ ಕಣಜಗಳ ಕಂಬ ಬುಡಕ್ಕಿಂತ ತಲೆಯಲ್ಲಿ ದಪ್ಪ ಇರುತ್ತದೆ. ಬಡಗಿಗಳು ಮರದ ಬೇರಿನ ಕಡೆಯನ್ನು ಮೇಲಕ್ಕೆ ಮಾಡಿ ನಿಲ್ಲಿಸುತ್ತಿದ್ದರು. ಅಡ್ಡತೊಲೆ, ಉದ್ದತೊಲೆ ಎರಡೂ ಅಲ್ಲೇ ಬಂದು ಕೂರಬೇಕಲ್ವಾ, ಅದಕ್ಕೆ. ಓಕನ್ನು ಹಸಿಯಾಗಿದ್ದಾಗಲೇ ಕೆತ್ತಿ, ಮರದ ಗೂಟ ಹೊಡೆದು ಜೋಡಿಸುತ್ತಿದ್ದರು. ಆಮೇಲೆ ಒಣಗುತ್ತಾ ಸೀಳು ಬಿಡುತ್ತದೆ. ಮಾಲೀಕರು ಮೊದಲು ಹೆದರುವುದು ಈ ಸೀಳುಗಳಿಗೇ. ಅವುಗಳಲ್ಲಿ ಹೆಚ್ಚಿನವನ್ನು ಸುಮ್ನೆ ಬಿಡಬಹುದು. ನಾನು ಮೊದಲು ನೋಡುವುದು ಕಂಬದ ಬುಡ, ಸೂರಿನ ಅಂಚು. ನೀರು ನಿಲ್ಲುವುದು ಅಲ್ಲಿ.

ಗೋಡೆಯ ಹಲಗೆಗಳ ಸಂದಿನಿಂದ ಗಾಳಿ ಆಡುತ್ತಿತ್ತು. ತೆನೆ ಬೂಸಲು ಹಿಡಿಯುತ್ತಿರಲಿಲ್ಲ, ಮರವೂ ಒಣಗಿಯೇ ಇರುತ್ತಿತ್ತು. ಒಕ್ಕಣೆ ಯಂತ್ರ ಬಂತು, ಆಮೇಲೆ ಕಂಬೈನ್ ಹಾರ್ವೆಸ್ಟರ್ ಬಂತು. ಕಣಜಗಳಿಗೆ ಹಳೆಯ ಕೆಲಸ ತಪ್ಪಿತು. ಕೆಲವು ದನದ ಕೊಟ್ಟಿಗೆಯಾದವು, ಕೆಲವು ಟ್ರ್ಯಾಕ್ಟರ್ ಶೆಡ್ಡಾದವು. ಇವೆರಡರಿಂದ ಚೌಕಟ್ಟಿಗೆ ಅಷ್ಟೇನೂ ತೊಂದರೆಯಿಲ್ಲ.

ತೊಂದರೆ ಜಾಸ್ತಿಯಾಗಿದ್ದು ಇವು ಮನೆಗಳಾಗಲು ಶುರುವಾದ ಮೇಲೆ. ನಡುವೆ ಮಹಡಿ ಹಾಕುತ್ತಾರೆ, ತಲೆಗೆ ತಾಗುವ ತೊಲೆ ಕತ್ತರಿಸುತ್ತಾರೆ. ಚಳಿ ತಡೆಯಲು ಹಲಗೆಯ ಒಳಗೆ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾರೆ. ಅಡುಗೆಮನೆ, ಬಚ್ಚಲಿನ ಹಬೆ ಅದರ ಹಿಂದೆ ಸೇರಿ ನಿಲ್ಲುತ್ತದೆ. ಒದ್ದೆ ಓಕ್ ಎಂದರೆ ಮರಕೊರಕ ದುಂಬಿಗೆ ಹಬ್ಬ. ನನ್ನ ಮಟ್ಟಿಗೆ, ಕಣಜಕ್ಕೆ ಮನೆಯಾಗುವುದು ಕೊನೆಯ ಆಯ್ಕೆಯಾಗಬೇಕು. ಸಂತೆ, ಸಭೆ, ಮದುವೆಗೆ ಕೊಟ್ಟರೆ ಒಳಗಿನ ಬಯಲು ಹಾಗೇ ಉಳಿಯುತ್ತದೆ.

ಹಾಗಂತ ಖಾಲಿ ಬಿಡುವುದೂ ಅಪಾಯ. ಜಾರಿದ ಹೆಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾರ್ಮಂಡ್ಸ್‌ವರ್ತ್‌ನಲ್ಲಿ 1970ರ ದಶಕದವರೆಗೂ ಬೇಸಾಯದ ಬಳಕೆಯಿತ್ತು. ಆಮೇಲೆ ಖಾಸಗಿಯವರ ಕೈಯಲ್ಲಿ ಸೊರಗಿತು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 2011ರಲ್ಲಿ 20,000 ಪೌಂಡಿಗೆ ಕೊಂಡು ರಿಪೇರಿ ಮಾಡಿಸಿತು. ಈಗ ಜನ ಬಂದು ನೋಡಿಕೊಂಡು ಹೋಗುತ್ತಾರೆ.

ಮನೆ ಮಾಡಲೇಬೇಕು ಅನ್ನುವವರು ಒಂದು ತುದಿಯ ಎರಡು ಅಂಕಣಗಳಲ್ಲಿ, ಹಳೆಯ ಕಂಬಗಳಿಗೆ ಭಾರ ಹಾಕದೆ, ಬೇರೆಯೇ ಪೆಟ್ಟಿಗೆಯಂತೆ ಕೋಣೆ ಕಟ್ಟಿಕೊಳ್ಳಲಿ. ಉಳಿದ ಜಾಗ ನೆಲದಿಂದ ಮಾಡಿನವರೆಗೆ ತೆರೆದಿರಲಿ. ಇಂಗ್ಲೆಂಡಿನಲ್ಲಿ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸ್ಥಳೀಯ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಅದು ಕೈಗೆ ಬರುವವರೆಗೆ ಒಂದು ತೊಲೆಗೂ ಗರಗಸ ತಾಗಿಸಬೇಡಿ.