ಅವಳಿಗೆ ಕಂಡ ಮನೆ

ಕಳೆದ ವರ್ಷ ಬೆಂಗಳೂರಿನ ಒಂದು ಓಪನ್ ಚೆಸ್ ಟೂರ್ನಿ. ಮೊದಲ ಸುತ್ತಿನಲ್ಲಿ ನನ್ನ ಎದುರು ಕೂತವಳು ಹದಿಮೂರು ವರ್ಷದ ಹುಡುಗಿ. ಆಟದ ಬಲ ಅಳೆಯುವ ರೇಟಿಂಗ್ ನನ್ನದು 1480, ಅವಳದು 2080. 31ನೇ ನಡೆಗೆ ನಾನು ಸೋಲೊಪ್ಪಿಕೊಂಡು ಕೈ ಕುಲುಕಿದೆ. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು, ಅವಳದರಲ್ಲಿ ಒಂದು ಗಂಟೆಗೂ ಜಾಸ್ತಿ.

ಹಾಲ್‌ನಿಂದ ಹೊರಗೆ ಬಂದರೆ ಅಪ್ಪ ಅಮ್ಮಂದಿರ ಗುಂಪು. ಒಬ್ಬರು ಅವಳ ಅಮ್ಮನನ್ನು ಕೇಳುತ್ತಿದ್ದರು: "ಮೇಡಂ, ನೆನಪಿನ ಶಕ್ತಿಗೆ ಏನು ಕೊಡ್ತೀರಾ? ಬ್ರಾಹ್ಮಿನಾ?" ಇನ್ನೊಬ್ಬರ ಕೈಯಲ್ಲಿ 'ಮಿಡ್‌ಬ್ರೈನ್ ಆಕ್ಟಿವೇಶನ್' ಕ್ಲಾಸಿನ ಕರಪತ್ರ. ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳಿಂದ ಪುಸ್ತಕ ಓದಿಸುತ್ತೇವೆ ಎಂದು ಹಣ ಕೀಳುವ ಕ್ಲಾಸು ಅದು. ಸೋತದ್ದಕ್ಕಿಂತ ಅದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು. ಗಟ್ಟಿ ಆಟಗಾರರ ತಲೆಯಲ್ಲಿ ಏನು ನಡೆಯುತ್ತದೆ ಎಂದು ವಿಜ್ಞಾನಿಗಳು ನೂರು ವರ್ಷದಿಂದ ಹುಡುಕುತ್ತಿದ್ದಾರೆ. ಸಿಕ್ಕ ಉತ್ತರ ಯಾವ ಲೇಹ್ಯಕ್ಕಿಂತಲೂ ರುಚಿಯಾಗಿದೆ.

ಮೊದಲು ಆ 600 ಅಂಕಗಳ ಅಂತರದ ಮಾತು. ಓಪನ್ ಟೂರ್ನಿಗಳಲ್ಲಿ ಸ್ವಿಸ್ ಪದ್ಧತಿ ಇರುತ್ತದೆ: ಸೋತರೂ ಹೊರಬೀಳದೆ, ಸುತ್ತು ಸುತ್ತಿಗೂ ನಮ್ಮಷ್ಟೇ ಅಂಕ ಗಳಿಸಿದವರ ಎದುರು ಆಡುವುದು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಮೊದಲ ಸುತ್ತಿನಲ್ಲಿ ರೇಟಿಂಗ್ ಪಟ್ಟಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಆಟ. 200 ಜನ ಇದ್ದರೆ 42ನೆಯವರಿಗೆ 142ನೆಯವರು. ಹಾಗಾಗಿ ನಮ್ಮಂಥವರಿಗೆ ಮೊದಲ ದಿನವೇ ಹುಲಿ ಎದುರಾಗುತ್ತದೆ.

ರೇಟಿಂಗ್‌ಗೆ ಎಲೊ ಎನ್ನುತ್ತೇವಲ್ಲ, ಅದನ್ನು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಎಂದುಕೊಂಡವರು ತುಂಬಾ ಜನ. ಅದು ಒಬ್ಬ ಮನುಷ್ಯನ ಹೆಸರು. ಅರ್ಪಾಡ್ ಎಲೊ ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಅವರ ಲೆಕ್ಕವನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ ಒಪ್ಪಿಕೊಂಡಿತು, ವಿಶ್ವ ಸಂಸ್ಥೆ ಫಿಡೆ 1970ರಲ್ಲಿ. ಅಂತರ 400 ಇದ್ದರೆ ಹನ್ನೊಂದು ಆಟಗಳಲ್ಲಿ ಸಣ್ಣವನ ಪಾಲಿಗೆ ಒಂದು ಅಂಕ, ದೊಡ್ಡವನಿಗೆ ಹತ್ತು. 600 ಆದರೆ ನೂರು ಆಟಕ್ಕೆ ಮೂರೇ ಅಂಕ, ಅದೂ ಡ್ರಾಗಳ ಅರ್ಧರ್ಧ ಅಂಕ ಸೇರಿಸಿ. ಆದರೆ ಮೂರು ಎಂದರೆ ಸೊನ್ನೆ ಅಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ಬುರ್ಗ್‌ಡಾರ್ಫ್‌ನಲ್ಲಿ ಸಿಂಗಪುರದ 8 ವರ್ಷದ ಹುಡುಗನೊಬ್ಬ ಗ್ರ್ಯಾಂಡ್‌ಮಾಸ್ಟರ್ ಯಾಚೆಕ್ ಸ್ಟೋಪಾ ಅವರನ್ನು ಸೋಲಿಸಿದ.

ಸರಿ, ಆ ಅಂತರ ತಲೆಯೊಳಗೆ ಎಲ್ಲಿ ಕೂತಿದೆ? ನೆನಪಿನ ಶಕ್ತಿಯಲ್ಲಿ ಎಂದು ಎಲ್ಲರಿಗೂ ಅನ್ನಿಸುತ್ತದೆ. 1925ರಲ್ಲಿ ಮಾಸ್ಕೋದ ದೊಡ್ಡ ಟೂರ್ನಿಗೆ ಬಂದ ಮಾಸ್ಟರ್‌ಗಳನ್ನು ಮೂವರು ಸೋವಿಯತ್ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿದರು. ಚೆಸ್ಸಿನಾಚೆ ಅವರ ನೆನಪು ಉಳಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಹಾಗಾದರೆ ಹತ್ತು ಹದಿನೈದು ನಡೆ ಮುಂದೆ ನೋಡುತ್ತಾರಾ? ಅದನ್ನು ಕೇಳಿದವರು ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್. ಇವರೇ ಚೆಸ್ ಒಲಿಂಪಿಯಾಡ್‌ನಲ್ಲಿ ತಮ್ಮ ದೇಶಕ್ಕೆ ಆಡಿದವರು. ಅಲೆಖಿನ್, ಯೂವೆ, ಕೆರೆಸ್ ಅಂಥ ಆ ಕಾಲದ ಅಗ್ರ ಆಟಗಾರರನ್ನೇ ಕೂರಿಸಿ, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದರು. 1946ರಲ್ಲಿ ಪ್ರಬಂಧ ಬಂತು. ಎಷ್ಟು ಆಳ ನೋಡುತ್ತಾರೆ ಎಂಬುದರಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗೂ ಅವರಿಗಿಂತ ಒಂದೆರಡು ಮೆಟ್ಟಿಲು ಕೆಳಗಿನವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಬೇರೆ ಕಡೆ ಇತ್ತು. ಒಳ್ಳೆಯ ನಡೆ ದೊಡ್ಡವರ ಕಣ್ಣಿಗೆ ಶುರುವಿನಲ್ಲೇ ಬೀಳುತ್ತಿತ್ತು.

ನನಗೆ ಅತಿ ಪ್ರಿಯವಾದ ಪ್ರಯೋಗ ಇದರ ಮುಂದಿನದು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಬ್ಬ ಮಾಸ್ಟರ್, ಒಬ್ಬ ಪಳಗಿದ ಹವ್ಯಾಸಿ, ಒಬ್ಬ ಹೊಸಬ, ಈ ಮೂವರಿಗೆ ನಿಜವಾದ ಆಟದ ನಡುವಿನ ಬೋರ್ಡ್ ಒಂದನ್ನು ಐದು ಸೆಕೆಂಡ್ ತೋರಿಸಿದರು. ಆಮೇಲೆ ನೆನಪಿನಿಂದ ಜೋಡಿಸಿ ಎಂದರು. ಮಾಸ್ಟರ್ ಸುಮಾರು 16 ಕಾಯಿ ಸರಿಯಾಗಿ ಇಟ್ಟರು, ಹವ್ಯಾಸಿ 8, ಹೊಸಬ 4. ಬಳಿಕ ಅದೇ ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಬೋರ್ಡ್ ಮೇಲೆ ಚೆಲ್ಲಿ ತೋರಿಸಿದರು. ಮಾಸ್ಟರ್ ಕುಸಿದುಬಿಟ್ಟರು! ಮೂವರೂ ಬೆರಳೆಣಿಕೆಯಷ್ಟು ಕಾಯಿ ಇಟ್ಟು ನಿಂತರು. ಮುಂದಿನ ಪ್ರಯೋಗಗಳಲ್ಲಿ ಗಟ್ಟಿ ಆಟಗಾರರಿಗೆ ಇಲ್ಲೂ ಚೂರು ಮುನ್ನಡೆ ಕಂಡಿದೆ, ಆದರೆ ಚೂರೇ. ಲೇಹ್ಯದಿಂದ ಬಂದ ಶಕ್ತಿಯಾಗಿದ್ದರೆ ಅದು ಚೆಲ್ಲಿದ ಕಾಯಿಗಳ ಮುಂದೆಯೂ ಕೆಲಸ ಮಾಡಬೇಕಿತ್ತು, ಅಲ್ವಾ?

ಮಾಸ್ಟರ್ ಕಾಯಿಗಳನ್ನು ನೋಡುವುದಿಲ್ಲ, ಗೊಂಚಲುಗಳನ್ನು ನೋಡುತ್ತಾರೆ. 'ಸ್ತ್ರೀ' ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಒಂದನೇ ಕ್ಲಾಸಿನ ಮಗುವಿಗೆ ಅದು ಸ, ತ ಒತ್ತು, ರ ಒತ್ತು, ದೀರ್ಘ. ಬೆರಳಿಟ್ಟು ಬೆವರುತ್ತದೆ. ನಿಮಗೆ ಅದು ಒಂದೇ ಏಟಿಗೆ ಸ್ತ್ರೀ. ನಿಮ್ಮ ಕಣ್ಣು ಮಗುವಿನ ಕಣ್ಣಿಗಿಂತ ಚುರುಕಾ? ಇಲ್ಲ. ಸಂಗೀತ ಕೇಳಿ ಬೆಳೆದ ಅಜ್ಜಿ ಪಲ್ಲವಿ ಶುರುವಾಗುವ ಮೊದಲೇ "ಇದು ಮೋಹನ" ಅನ್ನುತ್ತಾರೆ. ಸ್ವರಗಳನ್ನು ಒಂದೊಂದಾಗಿ ಎಣಿಸಿ ಅಲ್ಲ, ಒಂದು ಸಂಚಾರ ಕಿವಿಗೆ ಬಿದ್ದರೆ ಸಾಕು. ದೋಸೆಯ ಅಂಚು ಬಿಡುವುದನ್ನು ನೋಡಿ ಮಗುಚುವ ಕೈಗೂ ಇದೇ ವಿದ್ಯೆ. ಮಾಸ್ಟರ್ ತಲೆಯಲ್ಲಿ ಇಂಥ ಗೊಂಚಲುಗಳು ಅಂದಾಜು 50,000 ಇರಬಹುದು ಎಂದರು ಸೈಮನ್. ಚೆನ್ನಾಗಿ ಓದುವ ಒಬ್ಬರಿಗೆ ಗೊತ್ತಿರುವ ಪದಗಳಷ್ಟು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆ ಹುಡುಗಿ ಐದನೇ ವಯಸ್ಸಿನಿಂದ ದಿನಾ ಬೋರ್ಡ್ ಮುಂದೆ ಕೂತಿದ್ದಾಳೆ ಎಂದು ಅವಳ ಅಮ್ಮ ಹೇಳುತ್ತಲೇ ಇದ್ದರು. ಕೇಳಿದವರಿಗೆ ಅದು ಉತ್ತರ ಅನ್ನಿಸಲಿಲ್ಲ.

ಗೊಂಚಲಿಗೆ ಒಂದು ದೋಷವೂ ಇದೆ. 2008ರಲ್ಲಿ ಬಿಲಾಲಿಚ್, ಮೆಕ್ಲಿಯಾಡ್, ಗೋಬೆ ಎಂಬ ಮೂವರು ಸಂಶೋಧಕರು ಪರಿಣತ ಆಟಗಾರರಿಗೆ ಒಂದು ಸಮಸ್ಯೆ ಕೊಟ್ಟರು. ರಾಜ ತನ್ನದೇ ಕಾಯಿಗಳ ನಡುವೆ ಸಿಕ್ಕಿ ಕುದುರೆಯಿಂದ ಸಾಯುವ, ಎಲ್ಲರಿಗೂ ಗೊತ್ತಿರುವ ಐದು ನಡೆಯ ದಾರಿ ಅದರಲ್ಲಿತ್ತು. ಪಕ್ಕದಲ್ಲೇ ಮೂರು ನಡೆಯ ದಾರಿಯೂ ಇತ್ತು. ಬಹಳ ಜನ ಮೊದಲಿನದನ್ನು ಕಂಡು ಅಲ್ಲೇ ನಿಂತರು. ಇದಕ್ಕಿಂತ ಚಿಕ್ಕದನ್ನು ಹುಡುಕುತ್ತಿದ್ದೇವೆ ಎಂದು ಬಾಯಲ್ಲಿ ಹೇಳುತ್ತಿದ್ದರು, ಕಣ್ಣು ಮಾತ್ರ ಅದೇ ಮನೆಗಳ ಸುತ್ತ ತಿರುಗುತ್ತಿತ್ತು. ಕಣ್ಣಿನ ಚಲನೆ ಅಳೆಯುವ ಯಂತ್ರದಲ್ಲಿ ಅದು ಸಿಕ್ಕಿಬಿತ್ತು. ನೂರರಲ್ಲಿ ಮೂರು ಅಂಕ ನಮ್ಮ ಕಡೆ ಬರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಹಾಗಂತ ಅವರನ್ನು ತಬ್ಬಿಬ್ಬು ಮಾಡಲು ಸುಮ್ನೆ ವಿಚಿತ್ರ ನಡೆ ಆಡಿದರೆ ನಮ್ಮ ಬೋರ್ಡೇ ಹಾಳಾಗುತ್ತದೆ.

ಅಂದು ಆಟ ಮುಗಿದ ಮೇಲೆ ಅವಳು ಕಾಯಿಗಳನ್ನು 14ನೇ ನಡೆಗೆ ವಾಪಸ್ ಜೋಡಿಸಿದಳು. "ಅಂಕಲ್, ನೀವು ಇಲ್ಲೇ ಸೋತ್ರಿ" ಅಂದಳು. ಬಿಳಿ ಕಾಯಿ ನನ್ನದು. ಬೋರ್ಡಿನ ಸಿ4, ಇ4 ಎಂಬ ಎರಡೂ ಮನೆಗಳಿಗೆ ಕಾಲಾಳು ತಳ್ಳಿದ್ದೆ. ಜಾಗ ಹಿಡಿದೆ ಎಂಬ ಖುಷಿ. ಆದರೆ ಕಾಲಾಳು ಹಿಂದೆ ಬರುವುದಿಲ್ಲ. ನಡುವಿನ ಡಿ4 ಮನೆಯನ್ನು ಇನ್ನು ಯಾವ ಕಾಲಾಳೂ ಕಾಯಲಾರದು. ಆ ಮನೆಯನ್ನು ಕಾಯಬಲ್ಲ ಕಪ್ಪು ಮನೆಗಳ ಒಂಟೆಯನ್ನೂ ನಾನು ಆಗಲೇ ಬದಲಾಯಿಸಿಕೊಂಡಿದ್ದೆ. ಅವಳ ಕುದುರೆ ಅಲ್ಲಿ ಬಂದು ಕೂತಿತು, ಕೊನೆಯವರೆಗೂ ಏಳಲಿಲ್ಲ. "ಇದನ್ನ ಎಷ್ಟು ಹೊತ್ತು ಯೋಚಿಸಿದೆ ಪುಟ್ಟಿ?" ಅಂದೆ. "ಯೋಚಿಸಿಲ್ಲ ಅಂಕಲ್, ಕಾಣಿಸ್ತು."

ಮರುದಿನ ನಾಲ್ಕನೇ ಸುತ್ತು. ಎದುರಿಗೆ ನನ್ನಷ್ಟೇ ರೇಟಿಂಗ್‌ನ ಒಬ್ಬ ಬ್ಯಾಂಕ್ ನೌಕರರು, ಅವರದು ಕಪ್ಪು. ಸಿ5 ಆಡಿದ್ದರು. ಸ್ವಲ್ಪ ಹೊತ್ತಿಗೆ ಇ5 ಕೂಡ ತಳ್ಳಿದರು. ನಾನು ಆಗ ಏನೂ ಲೆಕ್ಕ ಹಾಕುತ್ತಿರಲಿಲ್ಲ, ನೀರು ಕುಡಿಯುತ್ತಿದ್ದೆ. ಡಿ5 ಮನೆ ಕಣ್ಣಿಗೆ ಹೊಡೆಯಿತು. ನನ್ನ ಕುದುರೆ ಅಲ್ಲಿಗೆ ತಲುಪಲು ಮೂರು ನಡೆ ಬೇಕಿತ್ತು. ಬಾಟಲಿ ಕೆಳಗಿಟ್ಟು ಮೊದಲನೆಯದನ್ನು ಆಡಿದೆ.