ಹೆಬ್ಬೆರಳ ಮೂಲೆಯಲ್ಲೊಂದು ಮುಳ್ಳು

ಕಾಲಿನ ಹೆಬ್ಬೆರಳ ಉಗುರು ತೆಗೆಯುವಾಗ ನೇಲ್ ಕಟರಿನ ಬಾಗಿದ ಬಾಯಿ ಮೂಲೆಯ ತನಕ ಹೋಗುವುದಿಲ್ಲ. ಆಗ ಕಟರನ್ನು ಓರೆ ಮಾಡಿ ಒಳಗೆ ತೂರಿಸುತ್ತೇವೆ, ಇಲ್ಲವೇ ಉಳಿದ ಚೂರನ್ನು ಕೈಯಲ್ಲೇ ಹಿಡಿದು ಕಿತ್ತುಬಿಡುತ್ತೇವೆ. ಮೇಲಿಂದ ನೋಡಿದರೆ ಅಂಚು ದುಂಡಗೆ, ಚೆಂದ. ಆದರೆ ಪಕ್ಕದ ಚರ್ಮದ ಮಡಿಕೆಯೊಳಗೆ ಗಾಳದ ಕೊಕ್ಕೆಯಂಥ ಮೊನೆಯೊಂದು ಉಳಿದಿರುತ್ತದೆ. ಉಗುರು ಮಾಂಸದೊಳಗೆ ಬೆಳೆದು ಚುಚ್ಚುವ ತೊಂದರೆ ಶುರುವಾಗುವುದು ಹೀಗೆ.

ಕಾಲುಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಬೆಳೆಯುತ್ತದೆ. ಮೊನೆಯೂ ಅದರ ಜೊತೆಗೇ ಮುಂದೆ ಸರಿಯುತ್ತದೆ. ಬೆರಳ ತುದಿಯ ಮಾಂಸವನ್ನು ಕೆಳಗೆ ಒತ್ತಿ ಹಿಡಿಯುವುದೇ ಉಗುರಿನ ಮೂಲೆ. ಅದನ್ನು ತೆಗೆದರೆ ಮಾಂಸ ಉಬ್ಬಿ ಉಗುರಿನ ದಾರಿಗೆ ಅಡ್ಡ ನಿಲ್ಲುತ್ತದೆ, ಮೊನೆ ಅದರೊಳಗೆ ಇಳಿಯುತ್ತದೆ. ಚುಚ್ಚಿದ ಉಗುರು ದೇಹದ ಲೆಕ್ಕದಲ್ಲಿ ಮುಳ್ಳೇ. ಮೊದಲು ನೋವು, ಕೆಂಪು, ಆಮೇಲೆ ಕೀವು, ಅಷ್ಟಕ್ಕೂ ಬಿಟ್ಟರೆ ಮುಟ್ಟಿದರೆ ರಕ್ತ ಬರುವ ದುರ್ಮಾಂಸ. ಕೈಬೆರಳಿನ ಉಗುರುಸುತ್ತಿನ ಹಾಗೆ ಇದಕ್ಕೂ ನಿಂಬೆಹಣ್ಣು ಸಿಕ್ಕಿಸಿಕೊಳ್ಳುವವರಿದ್ದಾರೆ. ಮುಳ್ಳು ಒಳಗೇ ಇರುವಾಗ ನಿಂಬೆಯೂ ಅಷ್ಟೆ, ಬರೀ ಆ್ಯಂಟಿಬಯೋಟಿಕ್ ಮಾತ್ರೆಯೂ ಅಷ್ಟೆ. ಮೂಲೆ ಕೆದಕಿದರೆ ಎರಡು ದಿನ ಹಾಯೆನಿಸುವುದು ನಿಜ, ಆದರೆ ಕೆದಕಿದವರು ಮುಂದಿನ ಮೊನೆಯನ್ನು ತಾವೇ ತಯಾರಿಸಿರುತ್ತಾರೆ.

ತಪ್ಪೆಲ್ಲ ಕಟರಿನದಲ್ಲ. ಹದಿಹರೆಯದವರ ಕಾಲು ಹೆಚ್ಚು ಬೆವರಿ ಚರ್ಮ ಮೆತ್ತಗಾಗುತ್ತದೆ. ಜೂನ್ ಮಳೆಯಲ್ಲಿ ನೆಂದ ಸಾಕ್ಸಿನಲ್ಲೇ ದಿನವಿಡೀ ಕೂರುವ ಶಾಲಾ ಮಕ್ಕಳದೂ ಇದೇ ಪಾಡು. ಕೆಲವರ ಉಗುರು ವಂಶಪಾರಂಪರ್ಯವಾಗಿಯೇ ಬಾಗಿರುತ್ತದೆ. ಬೂಟಿನ ಪರೀಕ್ಷೆ ಸುಲಭ: ಸಂಜೆ, ಕಾಲು ತುಸು ಊದಿರುವ ಹೊತ್ತಿನಲ್ಲಿ, ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯಿರಿ. ಬೂಟನ್ನು ಅದರ ಮೇಲಿಟ್ಟಾಗ ಗೆರೆ ಹೊರಗೆ ಇಣುಕಿದರೆ ಆ ಬೂಟು ಬೇಡ.

ಕೀವಿಲ್ಲದ ಹಂತದಲ್ಲಿ ಮನೆಮದ್ದೇ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ, ದಿನಕ್ಕೆ ಮೂರು ಸಲ ಕಾಲಿಟ್ಟು, ಚೆನ್ನಾಗಿ ಒರೆಸಿ. ಅಕ್ಕಿಕಾಳಿನಷ್ಟು ಹತ್ತಿಯನ್ನು ಬತ್ತಿಯಂತೆ ಹೊಸೆದು ಉಗುರಿನ ಮೂಲೆಯಡಿ ಮೆಲ್ಲಗೆ ಸೇರಿಸಿ, ದಿನವೂ ಬದಲಿಸಿ. ದಪ್ಪ ಬತ್ತಿ ತುರುಕಿದರೆ ಒತ್ತಡ ಹೆಚ್ಚಿ ನೋವೂ ಹೆಚ್ಚುತ್ತದೆ. ಜೊತೆಗೆ, ಹಿಗ್ಗುವ ಅಂಟುಪಟ್ಟಿಯ ಒಂದು ತುದಿಯನ್ನು ಊದಿದ ಚರ್ಮಕ್ಕೆ ಅಂಟಿಸಿ, ಉಗುರಿನಿಂದ ಆಚೆಗೆ ಎಳೆದು, ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಿ. ಬಿಗಿ ಉಂಗುರದಂತೆ ಸುತ್ತಿದರೆ ರಕ್ತ ಓಡಾಡುವುದಿಲ್ಲ. ಮೂಲೆ ಚರ್ಮವನ್ನು ದಾಟಿ ಹೊರಬರಲು ಕೆಲವು ವಾರಗಳೇ ಬೇಕು. ಆಮೇಲೆ ನೇರಕ್ಕೆ ಕತ್ತರಿಸಿ, ಮೂಲೆಯ ಚೂಪನ್ನು ಅರದಿಂದ ತೀಡಿದರಾಯಿತು. ನಡುವೆ ‘ವಿ’ ಆಕಾರದಲ್ಲಿ ಕತ್ತರಿಸಿದರೆ ಅಂಚುಗಳು ನಡುವಿನ ಕಡೆಗೆ ಸರಿದು ಚುಚ್ಚುವುದು ನಿಲ್ಲುತ್ತದೆ ಎಂಬುದು ಬರೀ ನಂಬಿಕೆ; ಉಗುರು ಬೆಳೆಯುವುದು ಬುಡದಿಂದ.

ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತಸಂಚಾರ ಕಡಿಮೆ ಇರುವವರು ಇದಾವುದನ್ನೂ ಮಾಡದೆ ನೇರವಾಗಿ ವೈದ್ಯರ ಬಳಿ ಹೋಗಬೇಕು. ಸ್ಪರ್ಶ ಮಂದವಾದ ಪಾದಕ್ಕೆ ಬಿಸಿನೀರಿನ ಸುಟ್ಟಗಾಯವೂ ತಿಳಿಯುವುದಿಲ್ಲ. ಕೀವು, ದುರ್ಮಾಂಸ, ಜ್ವರ ಇದ್ದರೆ ಉಳಿದವರೂ ಕಾಯಬಾರದು.

ವೈದ್ಯರ ಬಳಿ ಇಡೀ ಉಗುರು ಕಿತ್ತುಹಾಕಿಸುವುದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದಂತೆ. ಬುಡ ಹಾಗೇ ಉಳಿಯುವುದರಿಂದ ಹೊಸ ಉಗುರು ಮತ್ತೆ ಚುಚ್ಚುವುದೇ ಹೆಚ್ಚು. ಇದಕ್ಕಿಂತ ಒಳ್ಳೆಯ ವಿಧಾನ ಉಗುರಿನ ಅಂಚಿನ ಪಟ್ಟಿಯನ್ನಷ್ಟೇ ತೆಗೆಯುವುದು. ಬೆರಳ ಬುಡದ ಎರಡೂ ಪಕ್ಕ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ನೋವೆಂದರೆ ಆ ಸೂಜಿಯದೇ. ಬಳಿಕ ಚುಚ್ಚುವ ಕಡೆಯ ಮೂರ್ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯನ್ನಷ್ಟೇ ಬುಡದವರೆಗೆ ಸೀಳಿ ಎಳೆದು, ಅಲ್ಲಿನ ಬೇರಿಗೆ ಸುಮಾರು 90 ಶೇಕಡಾ ಸಾಂದ್ರತೆಯ ಫೀನಾಲನ್ನು ಹತ್ತಿಕಡ್ಡಿಯಲ್ಲಿ ತಾಗಿಸಿ ಸುಡುತ್ತಾರೆ. (ನೆಲ ಒರೆಸುವ ಫಿನಾಯಿಲ್‌ಗೂ ಇದಕ್ಕೂ ಸಂಬಂಧ ಕಟ್ಟಿ ಮನೆಯಲ್ಲಿ ಪ್ರಯೋಗ ಮಾಡಬೇಡಿ.) ಆ ಅಂಚಿನಲ್ಲಿ ಉಗುರು ಮತ್ತೆ ಬೆಳೆಯುವುದು ಅಪರೂಪ. ಕೆಲವು ವಾರ ನೀರಿನಂಥ ಸ್ರಾವ ಒಸರುತ್ತದೆ, ಇದು ಸುಟ್ಟ ಗಾಯ ಮಾಯುವ ರೀತಿ, ಕೀವಲ್ಲ. ಕೆಂಪು ಹರಡಿ ನೋವು ದಿನದಿನಕ್ಕೆ ಏರಿದರೆ ಮಾತ್ರ ಮತ್ತೆ ತೋರಿಸಿ. ಗಾಯ ಮಾಯುವವರೆಗೆ ಮುಂದೆ ತೆರೆದಿರುವ ಚಪ್ಪಲಿಯೇ ಇರಲಿ.