ಗ್ಲೆನ್ ಸತ್ತದ್ದಕ್ಕಲ್ಲ, ಕಾಯಿಸಿದ್ದಕ್ಕೆ: ‘ದ ವಾಕಿಂಗ್ ಡೆಡ್’ ನೋಡುಗರನ್ನು ಕಳೆದುಕೊಂಡ ಬಗೆ

ಅಮೆರಿಕದ ಟಿವಿ ಧಾರಾವಾಹಿ ‘ದ ವಾಕಿಂಗ್ ಡೆಡ್’ನ ಮೊದಲ ಕಂತಿನಲ್ಲೇ ಒಂದು ದೃಶ್ಯವಿದೆ. ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಪೊಲೀಸ್ ಅಧಿಕಾರಿ ರಿಕ್ ಗ್ರೈಮ್ಸ್ ಎದ್ದು ಹೊರಬರುವಷ್ಟರಲ್ಲಿ ಲೋಕವೇ ಮುಗಿದುಹೋಗಿದೆ. ಸತ್ತವರ ಹೆಣಗಳು ಎದ್ದು ಅಲೆಯುತ್ತ ಬದುಕಿರುವವರನ್ನು ತಿನ್ನುತ್ತಿವೆ, ಅವು ಕಚ್ಚಿದವರೂ ಸಾಯುತ್ತಾರೆ. ಹುಲ್ಲಿನ ಮೇಲೆ, ಸೊಂಟದಿಂದ ಕೆಳಗೆ ಏನೂ ಉಳಿಯದ ಹೆಂಗಸಿನ ಹೆಣವೊಂದು ಕೈಯೂರಿ ತೆವಳುತ್ತಿದೆ. ಅದನ್ನು ಕಂಡು ಬೆದರಿ, ಪಕ್ಕದಲ್ಲಿ ಬಿದ್ದಿದ್ದ ಸೈಕಲ್ ಹತ್ತಿ ಓಡಿದ್ದ ರಿಕ್, ಕೈಗೆ ಬಂದೂಕು ಸಿಕ್ಕ ಮೇಲೆ ಮತ್ತೆ ಅವಳನ್ನೇ ಹುಡುಕಿಕೊಂಡು ಬರುತ್ತಾನೆ. ಅವಳ ಮುಂದೆ ಬಗ್ಗಿ, ನಿನಗೆ ಹೀಗಾಗಬಾರದಿತ್ತು ಎಂದು ಮರುಗಿ, ಆಮೇಲೆ ಗುಂಡು ಹಾರಿಸುತ್ತಾನೆ. ಅದೇ ಹೊತ್ತಿಗೆ ಇನ್ನೊಂದೆಡೆ ಮಾರ್ಗನ್ ಎಂಬಾತ ಮಹಡಿಯ ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ಅಲೆಯುತ್ತಿರುವ ತನ್ನ ಹೆಂಡತಿಯ ಹೆಣಕ್ಕೆ ಗುರಿಯಿಡುತ್ತಾನೆ. ಎಷ್ಟು ಸಲ ಗುರಿಯಿಟ್ಟರೂ ಬಂದೂಕಿನ ಕುದುರೆ ಎಳೆಯಲು ಅವನ ಬೆರಳು ಒಪ್ಪುವುದಿಲ್ಲ.

ಫ್ರಾಂಕ್ ಡ್ಯಾರಬಾಂಟ್ ಬರೆದು ನಿರ್ದೇಶಿಸಿದ ಈ ಕಂತು, ‘ಡೇಸ್ ಗಾನ್ ಬೈ’, ಎಎಂಸಿ ವಾಹಿನಿಯಲ್ಲಿ ಪ್ರಸಾರವಾದದ್ದು 2010ರ ಅಕ್ಟೋಬರ್ 31ರಂದು, ಹ್ಯಾಲೋವೀನ್ ರಾತ್ರಿ. ಅಮೆರಿಕದಲ್ಲಿ ಸುಮಾರು 53 ಲಕ್ಷ ಜನ ನೋಡಿದರು. ಅಲ್ಲಿನ ಕೇಬಲ್ ವಾಹಿನಿಯೊಂದಕ್ಕೆ ಆಗ ಅದು ದೊಡ್ಡ ಸಂಖ್ಯೆ. ನನ್ನ ಪ್ರಕಾರ ಈ ಧಾರಾವಾಹಿ ತನ್ನ ನೋಡುಗರಿಗೆ ಕೊಟ್ಟ ಮಾತು ಆ ಎರಡು ದೃಶ್ಯಗಳಲ್ಲೇ ಇತ್ತು. ಇಲ್ಲಿ ಸಾವು ಬೇಕಾದಷ್ಟಿರುತ್ತದೆ, ಆದರೆ ಯಾವ ಸಾವನ್ನೂ ಹಗುರವಾಗಿ ಕಾಣುವುದಿಲ್ಲ ಎಂಬ ಮಾತು. ಮುಂದಿನ ಹನ್ನೆರಡು ವರ್ಷ, 177 ಕಂತುಗಳ ಉದ್ದಕ್ಕೂ ಜನ ಹೊಗಳಿದ್ದಕ್ಕೂ ರೇಗಿದ್ದಕ್ಕೂ ಮೂಲ ಇದೇ. ಇನ್ನೂ ನೋಡಿಲ್ಲದವರಿಗೆ ಒಂದು ಸೂಚನೆ: ಯಾರು ಯಾವಾಗ ಸತ್ತರು ಎಂಬುದನ್ನು ಮುಚ್ಚಿಟ್ಟು ಈ ಕಥೆ ಹೇಳಲಾಗದು.

ಮೂಲದಲ್ಲಿ ಇದೊಂದು ಕಾಮಿಕ್ಸ್. ರಾಬರ್ಟ್ ಕರ್ಕ್‌ಮನ್ ಕಥೆ, ಶುರುವಿನ ಸಂಚಿಕೆಗಳಿಗೆ ಟೋನಿ ಮೂರ್ ಮತ್ತು ಆಮೇಲೆ ಚಾರ್ಲಿ ಆಡ್ಲರ್ಡ್ ಚಿತ್ರ. 2003ರಲ್ಲಿ ಶುರುವಾದ ಕಪ್ಪು ಬಿಳುಪಿನ ಪುಸ್ತಕ. ಅದನ್ನು ಟಿವಿಗೆ ತಂದವರು ಕಥೆಯನ್ನು ಇದ್ದಂತೆ ಇಳಿಸಲಿಲ್ಲ. ಪುಸ್ತಕದಲ್ಲಿ ಬೇಗ ಸಾಯುವ ಕ್ಯಾರಲ್ ಟಿವಿಯಲ್ಲಿ ಕೊನೆಯವರೆಗೂ ಉಳಿದಳು. ಅಡ್ಡಬಿಲ್ಲು ಹಿಡಿದ ಡ್ಯಾರಿಲ್ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನನ್ನು ಸಾಯಿಸಿದರೆ ದಂಗೆ ಎದ್ದೇವು ಎಂದು ಅಭಿಮಾನಿಗಳು ಟೀ ಶರ್ಟ್ ಮೇಲೆ ಬರೆಸಿಕೊಳ್ಳುವಷ್ಟು ಅವನು ಬೆಳೆದ. ಪುಸ್ತಕ ಓದಿದವರಿಗೂ ಮುಂದೇನು ಎಂಬುದು ತಿಳಿಯಬಾರದೆಂದು ಒಬ್ಬರ ಸಾವನ್ನು ಇನ್ನೊಬ್ಬರಿಗೆ ಹೊರಿಸುವುದು ರೂಢಿಯಾಯಿತು. ಪುಸ್ತಕದಲ್ಲಿ ಟೈರೀಸ್‌ನ ಪಾಲಿಗೆ ಬಂದ ಕತ್ತಿಯೇಟು ಟಿವಿಯಲ್ಲಿ ಮುದುಕ ಹರ್ಷಲ್‌ನ ಕೊರಳಿಗೆ ಬಿತ್ತು.

ಹಾಗಾದರೆ ಸಾವುಗಳು ಯಾವಾಗ ಬರುತ್ತಿದ್ದವು? ಇದಕ್ಕೆ ಅಮೆರಿಕದ ಕೇಬಲ್ ಟಿವಿಯ ವ್ಯವಹಾರವನ್ನು ಸ್ವಲ್ಪ ಅರಿಯಬೇಕು. ಮೂರನೇ ಸೀಸನ್‌ನಿಂದ ಒಂಬತ್ತನೆಯದರವರೆಗೆ ಒಂದೊಂದು ಸೀಸನ್ನಿಗೆ 16 ಕಂತು. ಎಂಟು ಕಂತು ಚಳಿಗಾಲಕ್ಕೆ ಮುಂಚೆ, ಫೆಬ್ರುವರಿಯ ಹೊತ್ತಿಗೆ ಇನ್ನೆಂಟು. ನಡುವಿನ ಬಿಡುವಿನಲ್ಲಿ ಜನ ಮರೆಯಬಾರದು, ಜಾಹೀರಾತುದಾರರು ದೂರ ಸರಿಯಬಾರದು. ಹಾಗಾಗಿ ವರ್ಷಕ್ಕೆ ಒಂದಲ್ಲ, ಎರಡು ‘ಕೊನೆ’ಗಳು ಬೇಕಾದವು. ಹರ್ಷಲ್ ಸತ್ತದ್ದು ನಾಲ್ಕನೇ ಸೀಸನ್ನಿನ ನಡುಭಾಗದ ಕೊನೆಯ ಕಂತಿನಲ್ಲಿ. ಅವನ ಮಗಳು ಬೆತ್ ಸತ್ತದ್ದು ಐದನೆಯದರ ಅದೇ ಜಾಗದಲ್ಲಿ. ರಿಕ್‌ನ ಮಗ ಕಾರ್ಲ್‌ಗೆ ಕಚ್ಚಿದ ಗಾಯ ನಮಗೆ ಕಂಡದ್ದು ಎಂಟನೆಯದರ ಅದೇ ಜಾಗದಲ್ಲಿ. ಪಾತ್ರ ಸಾಯುವ ಗಳಿಗೆಯನ್ನು ಕಥೆಗಿಂತ ಹೆಚ್ಚಾಗಿ ಕ್ಯಾಲೆಂಡರ್ ಗೊತ್ತುಮಾಡುತ್ತಿದೆ ಎಂದು ನೋಡುಗರಿಗೆ ಅನಿಸತೊಡಗಿದ್ದು ಸುಮ್ಮನೆ ಅಲ್ಲ.

ಆದರೂ ಕಾಯಿಸುವುದೇ ತಪ್ಪು ಎನ್ನಲಾಗದು, ಅದಕ್ಕೆ ಎರಡನೇ ಸೀಸನ್ನೇ ಸಾಕ್ಷಿ. ಆ ಸೀಸನ್ ಬಗ್ಗೆ ಜನಕ್ಕೆ ತುಂಬಾ ಅಸಮಾಧಾನವಿತ್ತು. ಚಿತ್ರೀಕರಣದ ನಡುವೆಯೇ, 2011ರ ಜುಲೈನಲ್ಲಿ, ಡ್ಯಾರಬಾಂಟ್ ಅವರನ್ನು ವಾಹಿನಿ ಹೊರಹಾಕಿತು. ಲಾಭದ ಪಾಲಿನ ಬಗ್ಗೆ ಅವರು ಹೂಡಿದ ದಾವೆ 2021ರಲ್ಲಿ 20 ಕೋಟಿ ಡಾಲರ್‌ಗೆ ರಾಜಿಯಾಯಿತು. ಇಡೀ ಕಥೆ ಹರ್ಷಲ್‌ನ ಹೊಲಮನೆಯಲ್ಲೇ ಸುತ್ತುತ್ತಿತ್ತು. ಕ್ಯಾರಲ್‌ಳ ಮಗಳು ಸೋಫಿಯಾ ಕಾಡಿನಲ್ಲಿ ಕಳೆದುಹೋಗಿದ್ದಾಳೆ, ಕಂತಿನ ಮೇಲೆ ಕಂತು ಹುಡುಕಾಟ. ಕಥೆ ಮುಂದೆ ಹೋಗುತ್ತಿಲ್ಲ ಎಂದು ಎಲ್ಲರೂ ಗೊಣಗಿದರು. ಏಳನೇ ಕಂತಿನಲ್ಲಿ, 2011ರ ನವೆಂಬರ್ 27ರಂದು, ರಿಕ್‌ನ ಗೆಳೆಯ ಶೇನ್ ಹರ್ಷಲ್‌ನ ಕೊಟ್ಟಿಗೆಯ ಬಾಗಿಲು ಒಡೆಯುತ್ತಾನೆ. ಒಳಗಿಟ್ಟಿದ್ದ ಹೆಣಗಳು ಒಂದೊಂದಾಗಿ ಹೊರಬರುತ್ತವೆ, ಸಾಲಾಗಿ ನಿಂತವರು ಹೊಡೆದು ಕೆಡವುತ್ತಾರೆ. ಗುಂಡಿನ ಸದ್ದು ನಿಂತ ಮೇಲೆ ಕತ್ತಲಿನಿಂದ ಕೊನೆಯದಾಗಿ ಒಂದು ಪುಟ್ಟ ಆಕೃತಿ ಕಾಲೆಳೆಯುತ್ತ ಬರುತ್ತದೆ. ಸೋಫಿಯಾ. ಅಷ್ಟು ಜನರಲ್ಲಿ ಯಾರ ಕೈಯೂ ಮೇಲೇಳುವುದಿಲ್ಲ. ರಿಕ್ ಒಬ್ಬನೇ ಮುಂದೆ ಬಂದು ಗುಂಡು ಹಾರಿಸುತ್ತಾನೆ. ಅಷ್ಟು ವಾರ ಗೊಣಗಿದವರೇ ಈ ಕಂತನ್ನು ತಲೆಯ ಮೇಲೆ ಹೊತ್ತರು. ಅವರನ್ನು ಕಾಯಿಸಿದ್ದು ನಿಜ, ಆದರೆ ಕಾದದ್ದಕ್ಕೆ ಉತ್ತರ ಪ್ರಾಮಾಣಿಕವಾಗಿತ್ತು.

2014ರ ಮಾರ್ಚ್‌ನಲ್ಲಿ ಬಂದ ‘ದ ಗ್ರೋವ್’ ನನಗೆ ಈ ಧಾರಾವಾಹಿಯ ಶಿಖರ. ತೋಟದ ಒಂದು ಮನೆ, ಕ್ಯಾರಲ್, ಟೈರೀಸ್, ಇಬ್ಬರು ಅಕ್ಕತಂಗಿಯರು, ಒಂದು ಕೂಸು. ಸತ್ತವರು ಸತ್ತಿಲ್ಲ, ಬದಲಾಗಿದ್ದಾರೆ ಅಷ್ಟೆ ಎಂದು ನಂಬಿದ ಅಕ್ಕ ಲಿಜ್ಜಿ, ಅದನ್ನು ತೋರಿಸಿಕೊಡಲು ತಂಗಿಯನ್ನೇ ಚೂರಿಯಿಂದ ಕೊಲ್ಲುತ್ತಾಳೆ. ಆ ಹುಡುಗಿಯನ್ನು ಹೂಗಳ ಕಡೆ ನೋಡಲು ಹೇಳಿ ಕ್ಯಾರಲ್ ಬೆನ್ನ ಹಿಂದಿನಿಂದ ಗುಂಡು ಹಾರಿಸುವ ಗಳಿಗೆಯಲ್ಲಿ ಪರದೆಯ ಮೇಲೆ ರಕ್ತ ಕಾಣಿಸುವುದೇ ಇಲ್ಲ. ಅದೇ ವರ್ಷ ಅಕ್ಟೋಬರ್ 12ರಂದು ಐದನೇ ಸೀಸನ್ನಿನ ಮೊದಲ ಕಂತನ್ನು ಸುಮಾರು 1 ಕೋಟಿ 73 ಲಕ್ಷ ಜನ ನೋಡಿದರು. ಧಾರಾವಾಹಿ ಅದಕ್ಕಿಂತ ಮೇಲೆ ಮತ್ತೆ ಏರಲಿಲ್ಲ.

ಬಿರುಕು ಕಂಡದ್ದು 2015ರ ಅಕ್ಟೋಬರ್ 25ರಂದು. ಆರನೇ ಸೀಸನ್ನಿನ ಮೂರನೇ ಕಂತು. ಪಿಜ್ಜಾ ತಲುಪಿಸುವ ಹುಡುಗನಾಗಿದ್ದ ಗ್ಲೆನ್ ಮೊದಲ ಸೀಸನ್‌ನಿಂದ ಜೊತೆಗಿದ್ದವನು, ಎಲ್ಲರಿಗೂ ಬೇಕಾದವನು. ನಟ ಸ್ಟೀವನ್ ಯೂನ್. ಅವನೂ ನಿಕೋಲಸ್ ಎಂಬ ಅಳ್ಳೆದೆಯವನೂ ದೊಡ್ಡದೊಂದು ಕಸದ ಡಬ್ಬದ ಮೇಲೆ ನಿಂತಿದ್ದಾರೆ, ಸುತ್ತಲೂ ನೂರಾರು ಹೆಣಗಳು. ನಿಕೋಲಸ್ ತಾನೇ ಗುಂಡು ಹಾರಿಸಿಕೊಂಡು ಬೀಳುತ್ತಾನೆ, ಅವನ ಜೊತೆ ಗ್ಲೆನ್ ಕೂಡ. ಕ್ಯಾಮೆರಾ ಗ್ಲೆನ್‌ನ ಚೀರುವ ಮುಖವನ್ನು ಹತ್ತಿರದಿಂದ ತೋರಿಸುತ್ತದೆ, ಕೆಳಗೆ ಕರುಳು ಹರಿದುಬರುತ್ತಿದೆ. ಯಾರ ಕರುಳು? ಮುಂದಿನ ಕಂತುಗಳ ಶುರುವಿನಲ್ಲಿ ಬರುವ ನಟರ ಪಟ್ಟಿಯಿಂದ ಯೂನ್ ಹೆಸರನ್ನೂ ತೆಗೆದರು. ಜನ ಅತ್ತರು, ಒಂದೊಂದು ಫ್ರೇಮನ್ನೂ ನಿಲ್ಲಿಸಿ ನೋಡಿ ವಾದ ಹೂಡಿದರು. ನವೆಂಬರ್ 22ರಂದು ಉತ್ತರ ಬಂತು: ಅವನ ಮೇಲೆ ಬಿದ್ದಿದ್ದ ನಿಕೋಲಸ್‌ನ ಕರುಳು ಅದು, ಗ್ಲೆನ್ ಡಬ್ಬದ ಕೆಳಗೆ ನುಸುಳಿ ಬದುಕಿದ್ದಾನೆ. ಅವನು ಬದುಕಿದ ಎಂಬ ಸಂತೋಷಕ್ಕಿಂತ, ತಮ್ಮ ದುಃಖದ ಜೊತೆ ಆಟವಾಡಿದರಲ್ಲ ಎಂಬ ಸಿಟ್ಟೇ ಅನೇಕರಿಗೆ ಹೆಚ್ಚಾಯಿತು. ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ನೋಡುಗನನ್ನು ದಾರಿ ತಪ್ಪಿಸಲೆಂದೇ ಗೊತ್ತುಮಾಡಿದಾಗ ಅದು ಕಥನತಂತ್ರವಾಗಿ ಉಳಿಯುವುದಿಲ್ಲ, ಸುಳ್ಳಾಗುತ್ತದೆ.

ಅದೇ ಸೀಸನ್ನಿನ ಕೊನೆಯ ಕಂತು 2016ರ ಏಪ್ರಿಲ್ 3ರಂದು ಬಂತು. ಹೊಸ ಖಳ ನೀಗನ್, ಅವನ ಕೈಯಲ್ಲಿ ಮುಳ್ಳುತಂತಿ ಸುತ್ತಿದ, ‘ಲೂಸಿಲ್’ ಎಂದು ಹೆಸರಿಟ್ಟ ಬೇಸ್‌ಬಾಲ್ ಬ್ಯಾಟು. ಎದುರಿಗೆ ಮಂಡಿಯೂರಿದ 11 ಮಂದಿ. ಎಣಿಕೆಯ ಹಾಡು ಹೇಳುತ್ತ ಒಬ್ಬೊಬ್ಬರ ಕಡೆ ಬ್ಯಾಟು ತೋರಿಸಿ, ಒಬ್ಬರನ್ನು ಆರಿಸುತ್ತಾನೆ. ಯಾರನ್ನು? ಆ ಕ್ಷಣಕ್ಕೆ ಕ್ಯಾಮೆರಾ ಏಟು ತಿನ್ನುವವರ ಕಣ್ಣಾಗುತ್ತದೆ, ಪರದೆಯ ಮೇಲೆ ರಕ್ತ ಇಳಿಯುತ್ತದೆ, ಕಂತು ಮುಗಿಯುತ್ತದೆ. ಉತ್ತರಕ್ಕೆ ಆರೂವರೆ ತಿಂಗಳು ಕಾಯಬೇಕಿತ್ತು. ಕಾಮಿಕ್ಸ್‌ನಲ್ಲಿ ಈ ಘಟನೆ 2012ರ ಜುಲೈನಲ್ಲಿ ಬಂದ 100ನೇ ಸಂಚಿಕೆಯಲ್ಲಿದೆ. ಅಲ್ಲಿ ಗ್ಲೆನ್ ಸಾಯುವುದು ಅದೇ ಸಂಚಿಕೆಯ ಪುಟಗಳಲ್ಲಿ, ಓದುಗನ ಕಣ್ಣೆದುರೇ. ಅಲ್ಲಿ ಭಯಾನಕವಾಗಿದ್ದದ್ದನ್ನು ಟಿವಿ ಒಗಟಾಗಿ ಮಾಡಿತು. ಗುಟ್ಟು ಸೋರಬಾರದೆಂದು ಬೇರೆ ಪಾತ್ರಗಳು ಸಾಯುವ ದೃಶ್ಯಗಳನ್ನೂ ಚಿತ್ರೀಕರಿಸಿಟ್ಟಿದ್ದರು.

ಅಕ್ಟೋಬರ್ 23ರಂದು ಸುಮಾರು 1 ಕೋಟಿ 70 ಲಕ್ಷ ಜನ ಟಿವಿ ಮುಂದೆ ಕೂತರು. ಅಂದೂ ಉತ್ತರ ಕೂಡಲೇ ಸಿಗಲಿಲ್ಲ. ಬಹಳ ಹೊತ್ತು ಎಳೆದ ಮೇಲೆ ಮೊದಲು ಗುಂಪಿನ ಏಬ್ರಹಾಂ ಸತ್ತ, ನಂತರ ಯಾರೂ ಎಣಿಸದ ಗಳಿಗೆಯಲ್ಲಿ ಗ್ಲೆನ್. ತಲೆ ಒಡೆದು, ಒಂದು ಕಣ್ಣುಗುಡ್ಡೆ ಹೊರಬಂದ ಸ್ಥಿತಿಯಲ್ಲಿ, ಬಸುರಿ ಹೆಂಡತಿ ಮ್ಯಾಗಿಯನ್ನು ಹುಡುಕಿಕೊಂಡು ಬರುತ್ತೇನೆ ಎಂದು ತೊದಲುತ್ತಾನೆ. ಕಾಮಿಕ್ಸ್‌ನ ಚಿತ್ರಕ್ಕೆ ನಿಷ್ಠವಾಗಿದ್ದ ದೃಶ್ಯ ಅದು. ಆದರೆ ಕಪ್ಪು ಬಿಳುಪಿನ ಗೆರೆಯಲ್ಲಿ ನೋಡುವುದು ಬೇರೆ, ಉಸಿರಾಡುವ ನಟನ ಮುಖದ ಮೇಲೆ ನೋಡುವುದು ಬೇರೆ. ಟಿವಿಯಲ್ಲಿನ ಹಿಂಸೆಯನ್ನು ವಿರೋಧಿಸುವ ಸಂಘಟನೆ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಖಂಡಿಸಿತು. ಅಮೆರಿಕದ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿಗೆ ದೂರುಗಳು ಹೋದವು. ಅದರ ಅಶ್ಲೀಲತೆಯ ನಿಯಮ ಕೇಬಲ್ ವಾಹಿನಿಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಅದರಿಂದ ಆಗುವಂಥದ್ದೇನೂ ಇರಲಿಲ್ಲ. ಮುಂದಿನ ಜನವರಿಯಲ್ಲಿ ನಿರ್ಮಾಪಕಿ ಗೇಲ್ ಆನ್ ಹರ್ಡ್, ಪ್ರತಿಕ್ರಿಯೆ ನೋಡಿ ನಂತರದ ಕಂತುಗಳ ಹಿಂಸೆಯನ್ನು ತಗ್ಗಿಸಿದೆವು ಎಂಬರ್ಥದ ಮಾತಾಡಿದರು. ಆ ಕಂತನ್ನು ನಿರ್ದೇಶಿಸಿದ ಗ್ರೆಗ್ ನಿಕೊಟೆರೊ ಅದನ್ನು ಒಪ್ಪಲಿಲ್ಲ.

ಮರುವಾರದ ಕಂತಿಗೆ ಉಳಿದವರು ಸುಮಾರು 1 ಕೋಟಿ 25 ಲಕ್ಷ. ರಕ್ತ ಕಂಡು ಜನ ಓಡಿದರು ಎಂಬ ವಿವರಣೆ ಆಗ ಎಲ್ಲೆಡೆ ಕೇಳಿಬಂತು. ನಾನದನ್ನು ಪೂರ್ತಿ ನಂಬುವುದಿಲ್ಲ. ಆರು ವರ್ಷ ಕರುಳು ಬಗೆಯುವುದನ್ನು ನೋಡಿದವರಿಗೆ ಅಂದು ಮಾತ್ರ ಹೊಟ್ಟೆ ತೊಳಸಿತೆನ್ನುವುದು ಹೇಗೆ? ಒಂದು ವರ್ಷದಲ್ಲಿ ಒಬ್ಬನೇ ಪಾತ್ರದ ಸಾವನ್ನು ಎರಡು ಸಲ ಮಾರಾಟಕ್ಕಿಟ್ಟದ್ದು ಅವರನ್ನು ನೋಯಿಸಿತು. ಮೊದಲ ಸಲ ಸುಳ್ಳು ಹೇಳಿದ್ದರಿಂದ ಎರಡನೆಯದು ನಿಜವಾದಾಗ ಅಳಲೂ ಮನಸ್ಸು ಬರಲಿಲ್ಲ. ಜನ ಕೇಬಲ್ ಸಂಪರ್ಕವನ್ನೇ ಬಿಟ್ಟು ಸ್ಟ್ರೀಮಿಂಗ್ ಕಡೆ ಹೊರಟ ಕಾಲವೂ ಅದೇ ಎಂಬುದನ್ನು ಮರೆಯಬಾರದು. ಇಳಿತದ ಹೊರೆಯನ್ನೆಲ್ಲ ಒಂದು ಕಂತಿನ ತಲೆಗೆ ಕಟ್ಟಲಾಗದು. ಆದರೆ ಏಳೇ ದಿನದಲ್ಲಿ ಸುಮಾರು 45 ಲಕ್ಷ ಜನ ಕಡಿಮೆಯಾದದ್ದಕ್ಕೆ ಸ್ಟ್ರೀಮಿಂಗ್ ಕಾರಣವಲ್ಲ.

ಆಮೇಲಿನದನ್ನು ಬೇಗ ಹೇಳಬಹುದು. 2018ರ ಫೆಬ್ರುವರಿಯಲ್ಲಿ ಕಾರ್ಲ್ ಸತ್ತ. ಅಪರಿಚಿತ ಸಿದ್ದಿಕ್‌ಗೆ ನೆರವಾಗಲು ಹೋಗಿ ಅವನು ಕಚ್ಚಿಸಿಕೊಂಡಿದ್ದ. ಕಾಮಿಕ್ಸ್‌ನಲ್ಲಿ ಕಾರ್ಲ್ ಸಾಯುವುದೇ ಇಲ್ಲ. 2019ರ ಜುಲೈನಲ್ಲಿ ಬಂದ ಕೊನೆಯ, 193ನೇ ಸಂಚಿಕೆ ದೊಡ್ಡವನಾದ ಕಾರ್ಲ್‌ನ ಕಥೆ. ಇಡೀ ಕಥೆಯೇ ತಂದೆ ಮಗನಿಗೆ ಲೋಕ ಉಳಿಸಿಕೊಡುವ ಕಥೆಯಾಗಿದ್ದಾಗ ಮಗನನ್ನೇ ತೆಗೆದದ್ದು ನನಗೆ ಇಂದಿಗೂ ಅರ್ಥವಾಗದ ತೀರ್ಮಾನ. ಧಾರಾವಾಹಿಯ ಕಥೆ, ನಿರ್ಮಾಣ ಎರಡರ ಮುಖ್ಯ ಹೊಣೆ ಹೊತ್ತಿದ್ದ (ಶೋರನ್ನರ್) ಸ್ಕಾಟ್ ಗಿಂಪಲ್ ಅವರನ್ನು ತೆಗೆಯಬೇಕೆಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ಒಂಬತ್ತನೇ ಸೀಸನ್‌ನಿಂದ ಏಂಜೆಲಾ ಕಾಂಗ್ ಹೊಣೆ ಹೊತ್ತು ಕಥೆಗೆ ಮತ್ತೆ ಜೀವ ತಂದರು, ವಿಮರ್ಶಕರೂ ಮೆಚ್ಚಿದರು. ಅಷ್ಟರಲ್ಲಿ ಹೋದವರು ಹೋಗಿಯಾಗಿತ್ತು. ಆ್ಯಂಡ್ರೂ ಲಿಂಕನ್ ಅವರ ರಿಕ್ ನಿರ್ಗಮಿಸಿದ ಕಂತನ್ನು 2018ರ ನವೆಂಬರ್‌ನಲ್ಲಿ ನೋಡಿದವರು ಸುಮಾರು 54 ಲಕ್ಷ. ಹೆಚ್ಚುಕಡಿಮೆ ಮೊದಲ ಕಂತಿನಷ್ಟೇ. 2022ರ ನವೆಂಬರ್ 20ರ ಕೊನೆಯ ಕಂತಿಗೆ ಸುಮಾರು 23 ಲಕ್ಷ.

ಆ ಕೊನೆಯ ಕಂತಿನಲ್ಲಿ ನೀಗನ್ ಮ್ಯಾಗಿಯ ಕ್ಷಮೆ ಕೇಳುತ್ತಾನೆ. ನಿನ್ನನ್ನು ಕಂಡಾಗಲೆಲ್ಲ ಆ ಬ್ಯಾಟೇ ಕಣ್ಣಿಗೆ ಕಟ್ಟುತ್ತದೆ, ಕ್ಷಮಿಸಲು ಆದೀತೋ ಇಲ್ಲವೋ ತಿಳಿಯದು ಎಂಬುದು ಅವಳ ಉತ್ತರ. ಈ ಗಾಯದ ಮೇಲೆಯೇ ಎಎಂಸಿ ಇನ್ನೊಂದು ಧಾರಾವಾಹಿ ಕಟ್ಟಿತು. 2023ರ ಜೂನ್‌ನಲ್ಲಿ ಶುರುವಾದ ‘ಡೆಡ್ ಸಿಟಿ’ಯಲ್ಲಿ, ಅಪಹರಣಕ್ಕೊಳಗಾದ ಗ್ಲೆನ್‌ನ ಮಗನನ್ನು ಬಿಡಿಸಿಕೊಳ್ಳಲು ಮ್ಯಾಗಿ ಅದೇ ನೀಗನ್‌ನನ್ನು ಕರೆದುಕೊಂಡು ಮ್ಯಾನ್‌ಹಟನ್‌ಗೆ ಹೋಗುತ್ತಾಳೆ. ಅದರ ಎರಡನೇ ಸೀಸನ್ 2025ರಲ್ಲಿ ಬಂತು.